ಹನ್ನೊಂದು ಬಟ್ಟಲು ನೆಮ್ಮದಿ

ಧಾರವಾಡ
14 ಆಗಸ್ಟ್ 2023

ಪ್ರೀತಿಯ ನೇತ್ರಕ್ಕಾ,

ಈ ಕಾಲದಲ್ಲಿ ಪತ್ರವೇ ಎಂದು ನಗಬೇಡಿ. ನಿಮ್ಮ ಫೋನು ನಿಮಗಿಂತ ಹೆಚ್ಚು ನಿಮ್ಮ ಅಣ್ಣ ಮಾಳಿಂಗರಾಯರ ಕೈಯಲ್ಲಿರುತ್ತದೆ ಎಂದು ನೀವೇ ಹೇಳಿದ್ದಿರಿ. ಅಸೂಟಿಯ ಪೋಸ್ಟ್‌ಮನ್ ಕಾಗದವನ್ನು ನಿಮ್ಮ ಕೈಗೇ ಕೊಡುತ್ತಾರೆಂದೂ ಹೇಳಿದ್ದಿರಿ. ಹಾಗಾಗಿ ನಮ್ಮ ಮಾತೆಲ್ಲ ಇನ್ನು ಹೀಗೇ.

ಹೋದ ತಿಂಗಳು ರೋಣದಲ್ಲಿ ನನಗಾದ ಫಜೀತಿ ನೀವು ನೋಡಿದ್ದೀರಿ. ‘ಸೊನ್ನೆಯಿಂದ ಹತ್ತರೊಳಗೆ ನಿಮ್ಮ ಭಯಕ್ಕೆ ಎಷ್ಟು ಅಂಕ ಕೊಡುತ್ತೀರಿ’ ಎಂದು ಕೇಳಿದರೆ ಸಕ್ಕೂಬಾಯಿ ‘ಅಂಕಾ ಮಾಸ್ತರ ಕೊಡ್ತಾರವಾ, ನಾ ಹ್ಯಾಂಗ ಕೊಡ್ಲಿ’ ಎಂದುಬಿಟ್ಟರು. ಮನೆಯವರ ಕೈಯಿಂದಲೇ ಪೆಟ್ಟು ತಿಂದ ಹೆಂಗಸರು ಆಮೇಲೆ ಹೇಗೆ ಚೇತರಿಸಿಕೊಳ್ಳುತ್ತಾರೆ ಎಂಬುದು ನನ್ನ ಪಿಎಚ್.ಡಿ. ವಿಷಯ. ಆ ಹೆಂಗಸರಿಗೇ ನನ್ನ ಪ್ರಶ್ನೆ ತಿಳಿಯದಿದ್ದರೆ ನನ್ನ ಓದಿಗೆ ಬೆಂಕಿ ಹಾಕಬೇಕು.

ಅದಕ್ಕೆ ಒಂದು ಉಪಾಯ ಹುಡುಕಿದ್ದೇನೆ. ಈ ಪತ್ರದ ಜೊತೆ ಬಸ್ಸಿನಲ್ಲಿ ಒಂದು ರಟ್ಟಿನ ಪೆಟ್ಟಿಗೆ ಬರುತ್ತದೆ. ಅದರಲ್ಲಿ ಹನ್ನೊಂದು ಸ್ಟೀಲಿನ ಬಟ್ಟಲು, ಒಂದು ಡಬ್ಬಿ ಕಡಲೆ. ಪ್ರತಿ ಮಂಗಳವಾರ ಬಸ್ ಸ್ಟ್ಯಾಂಡಿನ ಎದುರಿನ ಆ ಝೆರಾಕ್ಸ್ ಅಂಗಡಿಯ ಮಾಳಿಗೆಯ ಕೊಠಡಿಗೆ ಎಲ್ಲರೂ ಆಪ್ತಸಲಹೆಗಾರ್ತಿ ದೇವಿಕಾ ಅವರ ಹತ್ತಿರ ಮಾತನಾಡಲು ಬರುತ್ತಾರಲ್ಲ, ತಿಂಗಳ ಮೊದಲ ಮಂಗಳವಾರ ಒಬ್ಬೊಬ್ಬರಿಗೂ ಬಟ್ಟಲು ಕೊಟ್ಟು ಪರದೆಯ ಹಿಂದೆ ಕಳಿಸಿ. ತಿಂಗಳಲ್ಲಿ ಎಷ್ಟು ನೆಮ್ಮದಿಯಿತ್ತೋ ಅಷ್ಟು ಕಡಲೆ ಹಾಕಿ ತರಲಿ. ನೆಮ್ಮದಿಯೇ ಇರಲಿಲ್ಲವೆಂದರೆ ಖಾಲಿ ಬಟ್ಟಲು ತರಲಿ. ನೀವು ಎಣಿಸಿ ನನಗೆ ಬರೆಯಿರಿ.

ಈ ಕೆಲಸಕ್ಕೆ ನೀವು ನನ್ನ ಸಹಾಯಕಿ. ಗುರುತಿನ ಚೀಟಿ ಪೆಟ್ಟಿಗೆಯಲ್ಲಿದೆ, ಕೊರಳಿಗೆ ಹಾಕಿಕೊಳ್ಳಿ. ನಿಮ್ಮ ಬಟ್ಟಲನ್ನೂ ಮರೆಯಬೇಡಿ, ಹನ್ನೊಂದನೆಯದು ನಿಮ್ಮದೇ.

ನಿಮ್ಮ
ಅನಘಾ


ಅಸೂಟಿ
6 ಸೆಪ್ಟೆಂಬರ್ 2023

ಅನಘಾ ಮೇಡಂ ಅವರಿಗೆ ನೇತ್ರಾ ಮಾಡುವ ನಮಸ್ಕಾರ.

ಪತ್ರ ಶುರುಮಾಡುವಾಗ ಇಲ್ಲಿ ಎಲ್ಲರೂ ಆರಾಮ ಎಂದು ಬರೆಯಬೇಕು ಅಂತ ಸಾಲಿಯಲ್ಲಿ ಕಲಿಸಿದ್ದರು. ಆರಾಮ ಇದ್ದರೂ ಇರದಿದ್ದರೂ ಬರೆಯುತ್ತಿದ್ದೆವು. ಹತ್ತನೇ ಇಯತ್ತೆ ಮುಗಿದ ಮೇಲೆ ಇಷ್ಟು ಉದ್ದದ ಕಾಗದ ಬರೆಯುತ್ತಿರುವುದು ಇದೇ ಮೊದಲು. ತಪ್ಪಿದ್ದರೆ ಹೊಟ್ಟೆಯಲ್ಲಿ ಹಾಕಿಕೊಳ್ಳಿರಿ.

ಪೆಟ್ಟಿಗೆ ಬಂತು. ಚೀಟಿಯನ್ನು ಕೊರಳಿಗೆ ಹಾಕಿಕೊಂಡು ಬಸ್ ಹತ್ತಿದೆ. ಕಂಡಕ್ಟರ್ ‘ಮೇಡಂ, ಮುಂದ ಬರ್ರಿ’ ಎಂದ. ಗಂಡ ಕೊಡಲಿ ಬೀಸಿ ಎರಡು ಬೆರಳು ಸೆಟೆದ ಮೇಲೆ ಊರಲ್ಲಿ ನನ್ನನ್ನು ಎಲ್ಲರೂ ‘ಪಾಪ’ ಎಂದೇ ಕರೆದಿದ್ದಾರೆ. ಮೇಡಂ ಎಂದವನು ಇವನೊಬ್ಬನೇ. ನಿಮ್ಮ ಉಪಕಾರ.

ನಿನ್ನೆ ಹನ್ನೊಂದು ಮಂದಿಯೂ ಬಂದಿದ್ದರು. ಎಣಿಕೆ ಬೇರೆ ಹಾಳೆಯಲ್ಲಿದೆ. ಇಪ್ಪತ್ತಕ್ಕಿಂತ ಕಡಿಮೆ ಯಾರೂ ಹಾಕಿಲ್ಲ. ಕೊಣ್ಣೂರಿನ ಮಹೇಶ್ವರಿ ಬಟ್ಟಲು ಗೋಪುರ ಮಾಡಿ ತಂದಳು, ಎರಡು ಕಡಲೆ ಕೆಳಗೆ ಬಿದ್ದವು. ಅವನ್ನೂ ಆರಿಸಿ ಹಾಕಿದಳು.

ಒಂದು ಮಾತು ಬರೆಯಲೋ ಬೇಡವೋ ಗೊತ್ತಾಗುತ್ತಿಲ್ಲ. ಗಜೇಂದ್ರಗಡದ ಜುಲೇಖಾ ಖಾಲಿ ಬಟ್ಟಲು ಹಿಡಿದು ಪರದೆಯ ಹಿಂದೆಯೇ ನಿಂತುಬಿಟ್ಟಿದ್ದಳು. ಸಕ್ಕೂಬಾಯಿ ಒಳಗೆ ಹಣಿಕಿ ಹಾಕಿ, ‘ಮಂದಿ ಮನಿ ಬಟ್ಲಾ ಖಾಲಿ ಕಳಸ್ತಾರೇನ ಹುಚ್ಚಿ? ಅಷ್ಟ ದೂರದಿಂದ ಆ ಹುಡಿಗಿ ಕಳಿಸ್ಯಾಳ. ತುಂಬಿ ಕೊಡ’ ಎಂದಳು. ಆಮೇಲೆ ಜುಲೇಖಾ ಇಪ್ಪತ್ತೆರಡು ಹಾಕಿ ತಂದಳು. ಇದನ್ನು ಹೇಗೆ ತೆಗೆದುಕೊಳ್ಳಬೇಕೋ ನಿಮಗೆ ತಿಳಿಯುತ್ತದೆ.

ನೇತ್ರಾ


ಧಾರವಾಡ
15 ಸೆಪ್ಟೆಂಬರ್ 2023

ಪ್ರೀತಿಯ ನೇತ್ರಕ್ಕಾ,

ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಸಕ್ಕೂಬಾಯಿಯ ಮಾತಿಗೆ ಬಿದ್ದು ಬಿದ್ದು ನಕ್ಕೆ. ಎಂಥ ಮುದ್ದು ಅಜ್ಜಿ ಅವರು. ನಮ್ಮ ಗೈಡ್ ಜಯಂತ ಸರ್ ಅವರಿಗೆ ಬಟ್ಟಲಿನ ವಿಷಯ ಹೇಳಿದೆ. ಹದಿನೈದು ವರ್ಷದಲ್ಲಿ ಇಂಥ ಸರಳ ಅಳತೆ ನೋಡಿಲ್ಲ ಎಂದರು. ಸರ್ ಹೊಗಳುವುದು ಅಪರೂಪ. ಖುಷಿಗೆ ನನಗೆ ಊಟವೇ ಸೇರಲಿಲ್ಲ.

ಇನ್ನು ಮುಂದೆ ಎಣಿಕೆ ಮಾತ್ರ ಕಳಿಸಿದರೆ ಸಾಕು ಅಕ್ಕಾ. ಪರದೆಯ ಹಿಂದಿನ ಮಾತುಕತೆ ಬರೆಯುವ ತ್ರಾಸು ತೆಗೆದುಕೊಳ್ಳಬೇಡಿ. ಅದನ್ನು ಎಲ್ಲಿ ಸೇರಿಸುವುದೆಂದು ನನಗೂ ಗೊತ್ತಾಗುವುದಿಲ್ಲ.

ನಿಮ್ಮ
ಅನಘಾ


ಅಸೂಟಿ
10 ಜನವರಿ 2024

ಅನಘಾ ಮೇಡಂ ಅವರಿಗೆ ನಮಸ್ಕಾರ.

ಈ ತಿಂಗಳ ಎಣಿಕೆ ಹಿಂದಿನದಕ್ಕಿಂತ ಜಾಸ್ತಿ ಬಂದಿದೆ. ಮಹೇಶ್ವರಿಯದು ಐವತ್ತೊಂದು. ನನ್ನದು ನಲವತ್ತು. ಯಾವುದೂ ಖಾಲಿ ಇಲ್ಲ.

ಮುಂದಿನ ವಾರ ಸಂಕ್ರಮಣ. ಕುಸುರೆಳ್ಳು ಕಳಿಸಿದ್ದೇನೆ. ಇಲ್ಲಿ ಎಲ್ಲ ಆರಾಮ.

ನೇತ್ರಾ


ಧಾರವಾಡ
2 ಜುಲೈ 2024

ನನ್ನ ನೇತ್ರಕ್ಕಾ,

ಗೆದ್ದೆವು. ನಮ್ಮ ಲೇಖನವನ್ನು ದೊಡ್ಡ ಪತ್ರಿಕೆಯೊಂದು ಒಪ್ಪಿಕೊಂಡಿದೆ. ವಾರಕ್ಕೊಂದು ದಿನ ಮಾತನಾಡಲು ಒಂದು ಕೊಠಡಿ ಇದ್ದರೆ ಸಾಕು, ಒಂದು ವರ್ಷದೊಳಗೆ ಹತ್ತರಲ್ಲಿ ಒಂಬತ್ತು ಹೆಂಗಸರು ಚೇತರಿಸಿಕೊಳ್ಳುತ್ತಾರೆ ಎಂದು ಅದರಲ್ಲಿ ತೋರಿಸಿದ್ದೇವೆ. ಯಾರ ಹೆಸರೂ ಇಲ್ಲ, ಹೆದರಬೇಡಿ. ಕೊನೆಯ ಪುಟದಲ್ಲಿ ನಿಮಗೊಬ್ಬರಿಗೆ ಮಾತ್ರ ಧನ್ಯವಾದ ಹೇಳಿದ್ದೇನೆ.

ಕೊಠಡಿಯ ಬಾಡಿಗೆ ಮತ್ತು ದೇವಿಕಾ ಅವರ ಸಂಬಳ ಕೊಡುವ ಸಂಸ್ಥೆಯವರೂ ಓದಿದ್ದಾರೆ. ತುಂಬ ಖುಷಿಯಾಗಿದ್ದಾರೆ. ರೋಣದ ಕೆಲಸ ಒಂದು ಹಂತಕ್ಕೆ ಮುಗಿದಿದೆ, ಇನ್ನು ಹೆಚ್ಚು ಅಗತ್ಯ ಇರುವ ಬೇರೆ ಜಿಲ್ಲೆಗೆ ಕೊಠಡಿಯನ್ನು ಒಯ್ಯುತ್ತೇವೆ ಎಂದಿದ್ದಾರೆ. ಜುಲೈ ಕೊನೆಗೆ ಇಲ್ಲಿ ಮುಚ್ಚುತ್ತಾರೆ. ನನಗೆ ಸ್ವಲ್ಪ ಬೇಜಾರಾಯಿತು, ಆದರೆ ದವಾಖಾನೆಯಿಂದ ಹುಷಾರಾಗಿ ಮನೆಗೆ ಹೋಗುವುದು ಸಂತೋಷದ ವಿಷಯವೇ ಅಲ್ಲವೇ? ಇದು ನಿಮ್ಮ ಹನ್ನೊಂದು ಮಂದಿಯ ಗೆಲುವು. ಎಲ್ಲರಿಗೂ ಹೇಳಿ.

ಅನಘಾ


ಧಾರವಾಡ
20 ಆಗಸ್ಟ್ 2024

ನೇತ್ರಕ್ಕಾ,

ಒಂದೂವರೆ ತಿಂಗಳಾಯಿತು, ಪತ್ರವಿಲ್ಲ. ಹೊಲದಲ್ಲಿ ಹೆಸರುಕಾಯಿ ಬಿಡಿಸುವ ಗಡಿಬಿಡಿ ಇರಬೇಕು. ಅಥವಾ ನನ್ನ ಮೇಲೆ ಸಿಟ್ಟೇ? ನಾಲ್ಕು ಸಾಲು ಬರೆದರೂ ಸಾಕು.

ಅನಘಾ


ಅಸೂಟಿ
11 ಸೆಪ್ಟೆಂಬರ್ 2024

ಅನಘಾ ಮೇಡಂ ಅವರಿಗೆ,

ಇಲ್ಲಿ ಯಾರೂ ಆರಾಮ ಇಲ್ಲ. ಈ ಮಾತಿನಿಂದ ಪತ್ರ ಶುರುಮಾಡಲು ನನಗೆ ಒಂದು ವರ್ಷ ಬೇಕಾಯಿತು.

ಜುಲೈ ಮೂವತ್ತಕ್ಕೆ ಕೊಠಡಿಗೆ ಬೀಗ ಬಿತ್ತು. ದೇವಿಕಾ ಅವರು ಹತ್ತು ಮಂದಿಗೆ ಹೇಳಿ ಹೋದರು. ಮಹೇಶ್ವರಿಗೆ ತಿಳಿಯಲಿಲ್ಲ. ಹೊಳೆ ಬಂದು ಕೊಣ್ಣೂರಿನ ಸೇತುವೆಗೆ ನೀರು ಹತ್ತಿ ಬಸ್ಸು ನಿಂತಿದ್ದವು, ಅವಳ ಹತ್ತಿರ ಫೋನಿಲ್ಲ. ನಾನು ಹೋಗಿ ಹೇಳಬಹುದಿತ್ತು. ಏನಂತ ಹೇಳಲಿ, ನೀನು ಹುಷಾರಾಗಿದ್ದೀಯ ಅಂತಲೇ? ಹೆಸರುಕಾಯಿ ಬಿಡಿಸುವ ನೆಪ ಮಾಡಿಕೊಂಡು ಕುಳಿತೆ.

ಆಗಸ್ಟ್ ಇಪ್ಪತ್ತೇಳು, ಮಂಗಳವಾರ, ಅವಳು ಗಂಡನ ಮನೆ ಬಿಟ್ಟು ಒಂದು ಚೀಲ ಹಿಡಿದು ರೋಣಕ್ಕೆ ಬಂದಿದ್ದಾಳೆ. ಇನ್ನು ತಿರುಗಿ ಹೋಗುವುದಿಲ್ಲ ಎಂದು ಗಟ್ಟಿ ಮಾಡಿಕೊಂಡೇ ಬಂದಿದ್ದಳು. ದೇವಿಕಾ ಅವರು ಎಲ್ಲಾದರೂ ವ್ಯವಸ್ಥೆ ಮಾಡುತ್ತಾರೆ ಎಂಬ ಧೈರ್ಯ. ಕೆಳಗಿನ ಝೆರಾಕ್ಸ್ ಅಂಗಡಿಯವನು ನನಗೆ ಹೇಳಿದ: ‘ಒಬ್ಬಾಕಿ ಬಂದು ಬಾಗಲಾ ಬಡದೇ ಬಡದಳ್ರಿ. ಬಂದ್ ಆಗೇತವಾ ಅಂದ್ರ ನಂಬವಲ್ಲಳು. ಇವತ್ತ ಮಂಗಳವಾರ ಅಲ್ಲೇನ್ರಿ ಅಂತ ನನಗ ಕೇಳಿದಳು.’ ಅಷ್ಟರಲ್ಲಿ ಗಂಡ ಬಸ್ ಸ್ಟ್ಯಾಂಡಿಗೆ ಹುಡುಕಿಕೊಂಡು ಬಂದ. ಕರೆದುಕೊಂಡು ಹೋದ.

ಮೊನ್ನೆ ನರಗುಂದದ ದವಾಖಾನೆಯಲ್ಲಿ ಅವಳನ್ನು ನೋಡಿದೆ. ಬಲಗೈ ಎರಡು ಕಡೆ ಮುರಿದಿದೆ. ಡಾಕ್ಟರ ಮುಂದೆ ‘ಮಾಳಗಿ ಪಾವಟಿಗಿ ಇಳಿಯೂಮುಂದ ಜಾರಿ ಬಿದ್ದೆ’ ಎಂದಳು. ನಾನು ಹತ್ತಿರ ಹೋದ ಕೂಡಲೇ ಗ್ವಾಡಿಯ ಕಡೆ ಮುಖ ಮಾಡಿ ಮಲಗಿದಳು.

ಮೇಡಂ, ಆ ಬಟ್ಟಲಲ್ಲಿ ನೆಮ್ಮದಿ ಇರಲಿಲ್ಲ. ಮರ್ಯಾದೆ ಇತ್ತು. ಬಂದವರ ಬಟ್ಟಲನ್ನು ನಮ್ಮಲ್ಲಿ ಬರಿದು ಮಾಡಿ ಕಳಿಸುವುದಿಲ್ಲ. ನಿಮ್ಮ ಮೇಲೆ ಯಾರಿಗೆ ಪ್ರೀತಿ ಹೆಚ್ಚೋ ಅವರು ಹೆಚ್ಚು ಹಾಕಿದರು. ಮಹೇಶ್ವರಿಗೆ ಎಲ್ಲರಿಗಿಂತ ಹೆಚ್ಚು ಪ್ರೀತಿ ಇತ್ತು, ಯಾಕೆಂದರೆ ನೀವು ಒಮ್ಮೆ ಅವಳ ತಲೆ ನೇವರಿಸಿದ್ದಿರಿ.

ನನ್ನದೂ ಹಾಗೇ. ಜನವರಿಯಲ್ಲಿ ನನ್ನ ಗಂಡನಿಗೆ ಜಾಮೀನು ಸಿಕ್ಕಿತು. ಅಂದಿನಿಂದ ಹಗಲು ಹೊತ್ತಿನಲ್ಲೂ ಹೊಲದ ದಾರಿಯಲ್ಲಿ ಒಬ್ಬಳೇ ನಡೆಯಲು ನನಗಾಗುತ್ತಿಲ್ಲ. ಆ ತಿಂಗಳೇ ನಲವತ್ತು ಕಡಲೆ ಹಾಕಿ, ನಾನೇ ಎಣಿಸಿ, ನಾನೇ ನಿಮಗೆ ಬರೆದೆ. ಅವರಾದರೂ ಅರಿಯದೆ ಹಾಕಿದರು. ನಾನು ಅರಿತು ಹಾಕಿದೆ. ಖರೆ ಹೇಳಿದರೆ ನೀವು ಬರುವುದನ್ನು ಬಿಡುತ್ತೀರಿ, ಕೊರಳಿನ ಚೀಟಿ ಹೋಗುತ್ತದೆ ಎಂದು ಹೆದರಿದೆ. ಒಂದು ಚೀಟಿಗೋಸ್ಕರ ಮಹೇಶ್ವರಿಯ ಕೈ ಮುರಿಸಿದೆ. ನನಗೆ ನನ್ನ ಮುಖ ನೋಡಿಕೊಳ್ಳಲು ನಾಚಿಕೆಯಾಗುತ್ತದೆ.

ನೇತ್ರಾ


ಧಾರವಾಡ
3 ನವೆಂಬರ್ 2024

ಶ್ರೀಮತಿ ನೇತ್ರಾ ಅವರಿಗೆ,

ನಿಮ್ಮ ಪತ್ರ ತಲುಪಿ ಬಹಳ ದಿನವಾಯಿತು. ಮಹೇಶ್ವರಿಯವರಿಗೆ ಆದದ್ದು ತಿಳಿದು ತುಂಬಾ ದುಃಖವಾಯಿತು.

ಆದರೆ ಒಂದು ವಿಷಯ ಸ್ಪಷ್ಟವಾಗಿರಲಿ. ಎಣಿಕೆಯ ಜವಾಬ್ದಾರಿಯನ್ನು ನಾನು ನಿಮಗೆ ನಂಬಿಕೆಯಿಂದ ಕೊಟ್ಟಿದ್ದೆ. ಉತ್ತರಗಳು ಸರಿಯಿಲ್ಲ ಎಂದು ಗೊತ್ತಿದ್ದರೆ ಆಗಲೇ ತಿಳಿಸಬೇಕಿತ್ತು. ನೂರು ಕಿಲೋಮೀಟರ್ ದೂರ ಕುಳಿತವಳಿಗೆ ನಿಮ್ಮ ಊರಿನ ರೀತಿ ರಿವಾಜು ಹೇಗೆ ಗೊತ್ತಾಗಬೇಕು? ಕೊಠಡಿ ಮುಚ್ಚಿದ್ದು ಸಂಸ್ಥೆಯ ನಿರ್ಧಾರ, ನನ್ನದಲ್ಲ. ಲೇಖನ ಈಗಾಗಲೇ ಅಚ್ಚಾಗಿದೆ.

ಮಹೇಶ್ವರಿಯವರ ಆರೋಗ್ಯದ ಬಗ್ಗೆ ತಿಳಿಸಿ.

ಇಂತಿ,
ಅನಘಾ


ಅಸೂಟಿ
9 ನವೆಂಬರ್ 2024

ಮೇಡಂ ಅವರಿಗೆ,

ನನ್ನ ತಪ್ಪು ನನಗಿರಲಿ, ಅದನ್ನು ನಿಮ್ಮ ಮೇಲೆ ಹಾಕುವುದಿಲ್ಲ. ಆದರೆ ನಾನು ಹೇಳಿದ್ದೆ. ಮೊದಲನೆಯ ಎಣಿಕೆಯ ಪತ್ರದಲ್ಲೇ ಸಕ್ಕೂಬಾಯಿ ಅಂದದ್ದನ್ನು ಬರೆದಿದ್ದೆ. ನೀವು ನಕ್ಕೆ ಎಂದು ಬರೆದಿರಿ. ಇನ್ನು ಅಂಥದ್ದು ಬರೆಯಬೇಡಿ ಎಂದಿರಿ. ನಿಮ್ಮ ಆ ಪತ್ರ ನನ್ನ ಹತ್ತಿರ ಇದೆ.

ಮಹೇಶ್ವರಿಯ ಕೈಪಟ್ಟಿ ಬಿಚ್ಚಿದ್ದಾರೆ. ಕೈ ನೆಟ್ಟಗೆ ಕೂಡಿಲ್ಲ.

ನೇತ್ರಾ


ಧಾರವಾಡ
1 ಡಿಸೆಂಬರ್ 2024

ನೇತ್ರಕ್ಕಾ,

ಹಾಗೆ ಕರೆಯುವ ಹಕ್ಕು ಉಳಿದಿದೆಯೋ ಇಲ್ಲವೋ ಗೊತ್ತಿಲ್ಲ. ಬೇರೆ ಹೇಗೆ ಕರೆಯಬೇಕೆಂದು ತಿಳಿಯದೆ ಹಾಗೇ ಬರೆದಿದ್ದೇನೆ.

ನೀವು ಬರೆದ ಆ ಮೊದಲ ಎಣಿಕೆಯ ಪತ್ರವೂ ನನ್ನ ಹತ್ತಿರ ಇದೆ. ನೀವು ಬರೆದ ಮೇಲೆ ತೆಗೆದು ನೋಡಿದೆ ಎಂದರೆ ಅದೂ ಸುಳ್ಳಾಗುತ್ತದೆ. ಅದರಲ್ಲೇನಿದೆ ಎಂದು ನನಗೆ ಯಾವಾಗಲೂ ಗೊತ್ತಿತ್ತು. ಸಕ್ಕೂಬಾಯಿಯ ಮಾತಿನ ಕೆಳಗೆ ನಾನೇ ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದೆ. ಅಂದು ಸಂಜೆ ಅದನ್ನು ಅವ್ವನಿಗೆ ಓದಿ ಹೇಳಿದೆ. ಅವ್ವ ಶಾರದಾಬಾಯಿ ಸಾಲೆ ಕಲಿತದ್ದು ನಾಲ್ಕನೇ ಇಯತ್ತೆ. ‘ಖರೇ ಅದ ಅಲ್ಲ, ನಾವರೆ ಮಂದಿ ಡಬ್ಬಿ ಖಾಲಿ ಕೊಡ್ತೀವೇನು? ಒಂದು ಚಮಚಾ ಸಕ್ರಿನರೆ ಹಾಕಿ ಕೊಡ್ತೀವಿ’ ಎಂದಳು. ಹಾಗೆ ಅಂದು ಒಗ್ಗರಣೆಗೆ ಹೋದಳು. ನಾನು ಅಲ್ಲೇ ಕುಳಿತಿದ್ದೆ. ನನಗೆ ಪೂರ್ತಿ ತಿಳಿಯಿತು, ಅಕ್ಕಾ. ನಿಮ್ಮ ಊರಿನ ರಿವಾಜು ನನಗೆ ಹೇಗೆ ಗೊತ್ತಾಗಬೇಕು ಎಂದು ಬರೆದೆನಲ್ಲ, ಅದು ನಮ್ಮ ಮನೆಯ ರಿವಾಜೂ ಹೌದು. ಚಿಕ್ಕವಳಿದ್ದಾಗ ಎಷ್ಟು ಡಬ್ಬಿಗೆ ನಾನೇ ಸಕ್ಕರೆ ಹಾಕಿ ಮರಳಿ ಕೊಟ್ಟು ಬಂದಿದ್ದೇನೆ.

ಜಯಂತ ಸರ್ ಹೊಗಳಿ ಎರಡು ದಿನವಾಗಿತ್ತು. ಬಟ್ಟಲು ತಪ್ಪೆಂದರೆ ಎಲ್ಲ ಮೊದಲಿನಿಂದ ಶುರುಮಾಡಬೇಕಿತ್ತು. ಅದಕ್ಕೇ ಸಕ್ಕೂಬಾಯಿ ಅಂದದ್ದನ್ನು ನಗೆಯ ಮಾತಾಗಿ ಮಾಡಿ ನಿಮ್ಮ ಬಾಯಿ ಮುಚ್ಚಿಸಿದೆ. ಹೋದ ತಿಂಗಳು ಅದೇ ತಪ್ಪನ್ನು ನಿಮ್ಮ ತಲೆಗೆ ಕಟ್ಟಿದೆ. ಪೆಟ್ಟು ತಿಂದವರು ತಾವೇ ತಪ್ಪಿತಸ್ಥರೆಂದು ತಿಳಿಯುತ್ತಾರೆ ಎಂದು ನನ್ನ ಲೇಖನದಲ್ಲೇ ಬರೆದಿದ್ದೇನೆ. ಬರೆದವಳೇ ಅದನ್ನು ಬಳಸಿಕೊಂಡೆ. ಇದಕ್ಕಿಂತ ಹೇಸಿಗೆಯದು ನನ್ನ ಬದುಕಿನಲ್ಲಿ ಬೇರೆ ಇಲ್ಲ.

ಲೇಖನವನ್ನು ಹಿಂದಕ್ಕೆ ಪಡೆಯುತ್ತೇನೆಂದು ಪತ್ರಿಕೆಗೆ ಬರೆದಿದ್ದೇನೆ. ಕಾರಣವನ್ನೂ ಮುಚ್ಚಿಡದೆ ಬರೆದಿದ್ದೇನೆ. ಸರ್ ಈಗ ನನ್ನ ಹತ್ತಿರ ಮಾತನಾಡುವುದಿಲ್ಲ. ಸಂಸ್ಥೆಯವರಿಗೆ ಎರಡು ಸಲ ಬರೆದೆ, ಹೋಗಿಯೂ ಬಂದೆ. ಹಾಗಾದರೆ ಆ ಹೆಂಗಸರಿಗೆ ಎಷ್ಟು ಕಷ್ಟ ಇದೆ ಎಂದು ಹೊಸದಾಗಿ ಅಳೆದು ತನ್ನಿ ಎಂದರು. ಅಳೆಯುವುದಿಲ್ಲ, ಇನ್ನೊಂದು ಸಲ ಅವರನ್ನು ಕೇಳುವುದಿಲ್ಲ, ನನ್ನ ಅಳತೆ ಸುಳ್ಳು ಎಂಬುದೇ ಪುರಾವೆ ಎಂದೆ. ಯೋಚಿಸುತ್ತೇವೆ ಎಂದಿದ್ದಾರೆ.

ನಾನು ಬಂದು ಎಲ್ಲರ ಎದುರು ತಪ್ಪು ಒಪ್ಪಿಕೊಳ್ಳಬಹುದೇ?

ಅನಘಾ


ಧಾರವಾಡ
14 ಫೆಬ್ರುವರಿ 2025

ಅಕ್ಕಾ,

ಮೊನ್ನೆ ಮಂಗಳವಾರ ರೋಣಕ್ಕೆ ಬಂದು ಹೋದಾಗಿನಿಂದ ಎದೆಯ ಮೇಲಿನ ಕಲ್ಲು ಇಳಿದಂತಾಗಿದೆ. ಸಂಸ್ಥೆಯವರು ಕೊಠಡಿಯ ಬಾಡಿಗೆ ಮತ್ತೆ ಕೊಡಲು ಒಪ್ಪಿದ್ದೇ ದೊಡ್ಡದು. ದೇವಿಕಾ ಅವರು ಮೊದಲಿನಂತೆ ವಾರಕ್ಕೊಮ್ಮೆ ಬರುತ್ತಾರಂತೆ, ಅಷ್ಟಾದರೂ ಆಯಿತು.

ಅಂದು ಕೊಠಡಿಯಲ್ಲಿ ಎಲ್ಲರ ಎದುರು ಎಲ್ಲ ಹೇಳಿದೆ, ಏನೂ ಬಿಡಲಿಲ್ಲ, ನೀವೂ ಕೇಳಿದಿರಿ. ಸಕ್ಕೂಬಾಯಿ ನನ್ನ ಕೈ ಹಿಡಿದುಕೊಂಡು ‘ಇರ್ಲಿ ಬಿಡ ನನ್ನವ್ವ, ಸಣ್ಣಾಕಿ ಅದಿ, ಏನೂ ಆಗಿಲ್ಲ’ ಎಂದರು. ಜುಲೇಖಾ ಬುತ್ತಿ ಬಿಚ್ಚಿ ಉಣ್ಣಿಸಿದರು. ಒಬ್ಬರೂ ಒಂದು ಕೆಟ್ಟ ಮಾತಾಡಲಿಲ್ಲ. ಇಷ್ಟು ದೊಡ್ಡ ಮನಸ್ಸಿನ ಹೆಂಗಸರನ್ನು ನಾನು ಕಂಡಿಲ್ಲ. ಎಲ್ಲರೂ ಕ್ಷಮಿಸಿದರು ಎಂದುಕೊಳ್ಳಲೇ? ನೀವು ಮಾತ್ರ ಏನೂ ಹೇಳಲಿಲ್ಲ. ಇನ್ನೇನು ಮಾಡಬೇಕು, ಹೇಳಿ. ಏನು ಹೇಳಿದರೂ ಮಾಡುತ್ತೇನೆ.

ನಿಮ್ಮ
ಅನಘಾ


ಅಸೂಟಿ
3 ಮಾರ್ಚ್ 2025

ತಂಗಿ ಅನಘಾ,

ಮೇಡಂ ಎನ್ನುವುದನ್ನು ಬಿಟ್ಟಿದ್ದೇನೆ. ಹಾಗೆ ಕರೆದರೆ ನನಗೆ ಮತ್ತೆ ಚಲೋ ಚಲೋ ಮಾತೇ ಬರುತ್ತದೆ.

ಅವರು ಕ್ಷಮಿಸಿದ್ದಾರೆ ಎಂದುಕೊಳ್ಳಬೇಡಿ. ನೀವು ದೂರದಿಂದ ಬಂದವರು, ಕಣ್ಣಲ್ಲಿ ನೀರು ತಂದಿರಿ. ಅಂಥವರನ್ನು ಎದುರಿಗೆ ಕೂರಿಸಿಕೊಂಡು ‘ಇಲ್ಲ’ ಎನ್ನಲು ಅವರಿಗೆ ಬರುವುದಿಲ್ಲ. ನೀವು ಬಸ್ ಹತ್ತಿದ ಮೇಲೆ ಸಕ್ಕೂಬಾಯಿ ಪಾವಟಿಗೆಯ ಮೇಲೆ ಕುಳಿತು ಭಾಳ ಹೊತ್ತು ಅತ್ತಳು. ‘ನಾ ಆವತ್ತ ಜುಲೇಖಾಗ ಬಟ್ಲಾ ತುಂಬು ಅಂತ ಅನಬಾರದಿತ್ತು’ ಎಂದಳು. ಎಪ್ಪತ್ತು ವರ್ಷದ ಮುದುಕಿ, ಅವಳ ಪಾಲಿಗೂ ಒಂದಿಷ್ಟು ನಾಚಿಕೆ ಬಂತು. ನಾನು ಕ್ಷಮಿಸಿಲ್ಲ. ನಿಮ್ಮನ್ನೂ ಇಲ್ಲ, ನನ್ನನ್ನೂ ಇಲ್ಲ.

ಹೋದ ವಾರ ಕೊಣ್ಣೂರಿಗೆ ಹೋಗಿದ್ದೆ. ಗಂಡ ಹೊಲಕ್ಕೆ ಹೋಗುವವರೆಗೆ ಊರ ಅಗಸಿ ಬಾಗಿಲಲ್ಲಿ ಕಾದು ಮಹೇಶ್ವರಿಯ ಮನೆಗೆ ಹೋದೆ. ಅವಳು ಎಡಗೈಯಲ್ಲಿ ರೊಟ್ಟಿ ಬಡಿಯುವುದನ್ನು ಕಲಿತುಕೊಂಡಿದ್ದಾಳೆ. ಕೊಠಡಿ ಮತ್ತೆ ತೆರೆದಿದೆ, ಮಂಗಳವಾರ ಬಾ ಎಂದೆ. ನೀವು ಬಂದು ತಪ್ಪು ಒಪ್ಪಿಕೊಂಡಿರಿ ಎಂದೂ ಹೇಳಿದೆ. ಅವಳು ರೊಟ್ಟಿ ತಿರುವಿ ಹಾಕಿ ಅಂದಳು: ‘ನನಗ ಮಂಗಳವಾರ ಬ್ಯಾಡ. ಅವ ಹೊಡಿಯೂದು ವಾರ ನೋಡಿ ಹೊಡಿಯೂದಿಲ್ಲ. ಬಾಗಲಾ ತಗದೈತಿ ಅಂತ ಹೇಳಾಕ ಬರಬ್ಯಾಡ. ನಾ ಬಂದಾಗ ತಗದಿರ್ಲಿ.’

ಅದಕ್ಕೆ ಝೆರಾಕ್ಸ್ ಅಂಗಡಿಯವನ ಹತ್ತಿರದ ಬೀಗದ ಕೈ ನಾನು ಇಸಿದುಕೊಂಡೆ. ನನ್ನ ಹೊಲಿಗೆಯ ಮಷಿನ್ನನ್ನೂ ಮಾಳಿಗೆಗೆ ಏರಿಸಿದ್ದೇನೆ. ದಿನಾ ಮುಂಜಾನೆ ಮೊದಲ ಬಸ್ಸಿಗೆ ಹೋಗಿ ಬಾಗಿಲು ತೆಗೆಯುತ್ತೇನೆ, ಸಂಜೆ ಕಡೇ ಬಸ್ಸಿಗೆ ಬರುತ್ತೇನೆ. ಅಣ್ಣ ಮುಖ ಗಂಟು ಹಾಕಿದ್ದಾನೆ, ಹಾಕಿಕೊಳ್ಳಲಿ. ಇನ್ನೂ ಬಸ್ ಸ್ಟ್ಯಾಂಡ್ ದಾಟುವಾಗ ಹಿಂದೆ ಯಾರಾದರೂ ಬರುತ್ತಿದ್ದಾರೆಯೇ ಎಂದು ನಾಲ್ಕು ಸಲ ತಿರುಗಿ ನೋಡುತ್ತೇನೆ. ಆದರೂ ದಾಟುತ್ತೇನೆ.

ಗುರುವಾರ ಮಾತ್ರ ನನಗಾಗುವುದಿಲ್ಲ. ಹೊಲಿಗೆಯ ಬಟ್ಟೆ ತರಲು ಗಜೇಂದ್ರಗಡಕ್ಕೆ ಹೋಗಲೇಬೇಕು, ನನ್ನ ಹೊಟ್ಟೆಪಾಡು ಅದು. ಅಂದು ಬೀಗ ಬೀಳುತ್ತದೆ. ಮಹೇಶ್ವರಿ ಬರುವುದು ಗುರುವಾರವೇ ಆಗಬಹುದು.

ಇನ್ನೇನು ಮಾಡಬೇಕು ಎಂದು ಕೇಳಿದ್ದೀರಿ. ಗುರುವಾರ ನೀವು ಬನ್ನಿರಿ, ಬೀಗದ ಕೈ ಅಂಗಡಿಯವನ ಹತ್ತಿರ ಇಟ್ಟಿರುತ್ತೇನೆ. ಧಾರವಾಡದಿಂದ ಮುಂಜಾನೆಯ ಬಸ್ಸಿಗೆ ಹೊರಟರೆ ಹತ್ತಕ್ಕೆ ರೋಣ ಮುಟ್ಟುತ್ತೀರಿ. ಪುಸ್ತಕ ತರಬೇಡಿರಿ. ಯಾರಾದರೂ ಬಂದರೆ ಏನೂ ಕೇಳಬೇಡಿರಿ. ಯಾರೂ ಬರದಿದ್ದರೂ ಏಳಬೇಡಿರಿ. ಬಾಗಿಲು ತೆಗೆದಿಟ್ಟು ಸಂಜೆಯವರೆಗೆ ಕುಳಿತಿರಿ.

ನೇತ್ರಾ